ಲಿಯೋವಿಲ್ ಬಾರ್ಟನ್ 2005: ಮೊದಲೆರಡು ಬಾಟಲಿ ಸುಮ್ನೆ ಹೋದವು

ಫ್ರಾನ್ಸ್‌ನ ಬೋರ್ಡೋದಲ್ಲಿ ಕೆಲಸಕ್ಕಿದ್ದಾಗ ಶಾತೋ ಲಿಯೋವಿಲ್ ಬಾರ್ಟನ್ ಅನ್ನುವ ಅಲ್ಲಿನ ಕೆಂಪು ವೈನಿನ ಮೂರು ಬಾಟಲಿ ಕೊಂಡಿದ್ದೆ, 2005ರ ಕೊಯ್ಲಿನದು. ಒಂದನ್ನು 2013ರಲ್ಲಿ ತೆರೆದೆ, ಇನ್ನೊಂದನ್ನು 2018ರಲ್ಲಿ, ಕೊನೆಯದನ್ನು 2024ರ ಚಳಿಗಾಲದಲ್ಲಿ. ಮೂರನೆಯದನ್ನು ಕುಡಿದ ಮೇಲೆ ಮೊದಲೆರಡನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಮಾರಿದವರು "ಎಂಟು ವರ್ಷ ಸಾಕು" ಅಂದಿದ್ದರು. ಎಂಟಕ್ಕೆ ಸರಿಯಾಗಿ ತೆರೆದೆ. ಮೂಗಿಗೆ ಏನೂ ಹತ್ತಲಿಲ್ಲ. ಬಾಯಲ್ಲಿ ಒಗರೋ ಒಗರು! ಹಸಿ ಬಾಳೆಕಾಯಿ ಕಚ್ಚಿದ ಹಾಗೆ ನಾಲಿಗೆ, ಒಸಡು ಎಲ್ಲಾ ಬಿಗಿದುಕೊಂಡವು. ಇದು ವೈನ್ ಕೆಟ್ಟಿದ್ದಲ್ಲ. 2005ರಲ್ಲಿ ಬೋರ್ಡೋದಲ್ಲಿ ಮಳೆ ತೀರಾ ಕಡಿಮೆ. ದ್ರಾಕ್ಷಿ ಚಿಕ್ಕದು, ಸಿಪ್ಪೆ ದಪ್ಪ. ಒಗರು ಕೊಡುವ ಟ್ಯಾನಿನ್ ಬರುವುದೇ ಸಿಪ್ಪೆ, ಬೀಜಗಳಿಂದ. ಅದರ ಮೇಲೆ ಇದರಲ್ಲಿ ಕ್ಯಾಬರ್ನೆ ಸೋವಿನ್ಯೋನ್ ಅನ್ನುವ ಒಗರು ಜಾಸ್ತಿ ಇರುವ ದ್ರಾಕ್ಷಿ ತಳಿಯೇ ಹೆಚ್ಚು. ಎಂಟು ವರ್ಷಕ್ಕೆ ಇದು ಇನ್ನೂ ಕಾಯಿ.

2018ರಲ್ಲೂ ಅದೇ ಕಥೆ. ಆದರೆ ಮಿಕ್ಕಿದ್ದ ಒಂದು ಲೋಟವನ್ನು ಮರುದಿನ ಕುಡಿದೆ. ಹಿಂದಿನ ರಾತ್ರಿಗಿಂತ ಎಷ್ಟೋ ಚೆನ್ನಾಗಿತ್ತು. ಆಗಲೇ ಮೂರನೆಯದನ್ನು ಮುಟ್ಟಬಾರದು ಅಂತ ತೀರ್ಮಾನಿಸಿದೆ.

ಆ ಮೂರನೆಯದನ್ನು ಒಂದು ದಿನ ಮೊದಲೇ ನೆಟ್ಟಗೆ ನಿಲ್ಲಿಸಿದ್ದೆ, ಗಷ್ಟು ತಳಕ್ಕೆ ಇಳಿಯಲಿ ಅಂತ. ಬೆಳಕಿಗೆ ಹಿಡಿದು ನಿಧಾನವಾಗಿ ಜಾಡಿಗೆ ಬಗ್ಗಿಸಿ ಎರಡು ಗಂಟೆ ಬಿಟ್ಟೆ. ಲೋಟದ ಅಂಚಿನಲ್ಲಿ ಇಟ್ಟಿಗೆ ಬಣ್ಣ ಈಗಷ್ಟೇ ಕಾಣಿಸಿಕೊಂಡಿತ್ತು. ಮೊದಲು ಬ್ಲ್ಯಾಕ್ ಕರೆಂಟ್ ಹಣ್ಣಿನ ವಾಸನೆ. ಆಮೇಲೆ ದೇವದಾರು, ಆಗ ತಾನೇ ಕೆತ್ತಿದ ಪೆನ್ಸಿಲ್, ಒಣ ಹೊಗೆಸೊಪ್ಪು. ಒಗರು ಹೋಗಿಲ್ಲ, ಹೋಗಲೂಬಾರದು. ಆದರೆ ಈಗ ಅದು ಹಣ್ಣಿನ ಮೇಲೆ ಬೀಳುವುದಿಲ್ಲ, ಹಣ್ಣನ್ನು ಹಿಡಿದು ನಿಲ್ಲಿಸುತ್ತದೆ. ನುಂಗಿದ ಮೇಲೂ ರುಚಿ ತುಂಬಾ ಹೊತ್ತು ಬಾಯಲ್ಲೇ ಇತ್ತು. ಬೋರ್ಡೋ ಬಳಿಯ ಪೊಯಾಕ್ ಊರಿನ ಎಳೆ ಕುರಿಮಾಂಸದ ಕೊಬ್ಬಿಗೆ ಒಗರು ಇನ್ನಷ್ಟು ಮೆತ್ತಗಾಯಿತು. ಊಟವಿಲ್ಲದೆ ಬರೀ ವೈನನ್ನೇ ಕುಡಿಯುವವರಿಗೆ ಇದು ಭಾರ ಅನ್ನಿಸಬಹುದು. ಮೆದು, ದುಂಡಗಿನ ರುಚಿ ಬೇಕಾದವರು ಮೆರ್ಲೋ ಅನ್ನುವ ಮೆದು ದ್ರಾಕ್ಷಿ ಜಾಸ್ತಿ ಇರುವ, ಬೋರ್ಡೋದ್ದೇ ಆದ ಪೊಮೆರೋಲ್ ವೈನ್ ಕಡೆ ಹೋಗುವುದೇ ವಾಸಿ.

ಈ ವೈನ್ ಹುಟ್ಟುವ ಸಾಂ-ಜೂಲಿಯಾಂ ಊರಿಗೂ ಹೋಗಿದ್ದೆ. ರಸ್ತೆ ಬದಿಯಲ್ಲೇ ಒಂದು ಭಾರೀ ಬಾಟಲಿ ನಿಲ್ಲಿಸಿದ್ದಾರೆ. ಒಂದು ಕಾಲಕ್ಕೆ ಲಿಯೋವಿಲ್ ಒಂದೇ ತೋಟ. ಅದು ಒಡೆದು ಲಾಸ್ ಕಾಸ್, ಪ್ವಾಫೆರೆ, ಬಾರ್ಟನ್ ಆಯಿತು. ಬೋರ್ಡೋ ವೈನ್‌ಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದ 1855ರ ಪಟ್ಟಿಯಲ್ಲಿ ಮೂರೂ ಎರಡನೇ ದರ್ಜೆ. ಐರ್ಲೆಂಡ್ ಮೂಲದ ಬಾರ್ಟನ್ ಮನೆತನ 1826ರಿಂದ ತನ್ನ ಹೆಸರಿನ ಈ ಭಾಗವನ್ನು ಕೈಬಿಟ್ಟಿಲ್ಲ. ಲೇಬಲ್ ಮೇಲಿನ ಬಂಗಲೆ ನಿಜಕ್ಕೂ ಪಕ್ಕದ, ಅದೇ ಮನೆತನದ ಲಾಂಗೋವಾ ಬಾರ್ಟನ್ ತೋಟದ್ದು. ಲಿಯೋವಿಲ್ ಬಾರ್ಟನ್‌ಗೆ ಸ್ವಂತ ಬಂಗಲೆಯೇ ಇಲ್ಲ. ನನಗೆ ಅದು ಇಷ್ಟವಾಯಿತು. 2022ರಲ್ಲಿ ತೀರಿಕೊಂಡ, ಈ ತೋಟ ನಡೆಸುತ್ತಿದ್ದ ಆಂಟನಿ ಬಾರ್ಟನ್, ಸುತ್ತಲಿನವರು ಬೆಲೆ ಏರಿಸಿದಾಗಲೂ ಹಿಡಿತ ತಪ್ಪಲಿಲ್ಲ ಅಂತ ಹೆಸರಾದವರು.

ನನ್ನ ತಕರಾರು ಇರುವುದು 2005ರ ಬೋರ್ಡೋ ವೈನಿಗೆ ವಿಮರ್ಶಕರಿಂದ ಸಿಕ್ಕ ಹೊಗಳಿಕೆಯನ್ನು ನಾವು ಓದಿಕೊಂಡ ರೀತಿಯ ಬಗ್ಗೆ. ಬೋರ್ಡೋದಲ್ಲಿ ಕೊಯ್ಲಿನ ಮುಂದಿನ ವಸಂತದಲ್ಲೇ, ವೈನ್ ಇನ್ನೂ ಪೀಪಾಯಿಯಲ್ಲಿರುವಾಗ, ವಿಮರ್ಶಕರು ರುಚಿ ನೋಡಿ ಅಂಕ ಕೊಡುತ್ತಾರೆ. ಆ ಅಂಕ ಮುಂದೆಂದೋ ಆಗಲಿರುವ ವೈನಿಗೆ ಕೊಟ್ಟದ್ದು. ಕೊಳ್ಳುವ ನಾವು ಅದನ್ನು ಇವತ್ತಿನ ರುಚಿ ಅಂದುಕೊಳ್ಳುತ್ತೇವೆ, ಅಲ್ವಾ? ಇಂಥ ಬಿಗಿ ವರ್ಷಕ್ಕೆ ಇಪ್ಪತ್ತು ವರ್ಷ ಕೊಡಲೇಬೇಕು.

ನಿಮ್ಮ ಹತ್ತಿರ ಈ 2005 ಇದ್ದರೆ 12-13 ಡಿಗ್ರಿ ತಂಪಿನಲ್ಲಿ, ಕತ್ತಲಲ್ಲಿ, ಅಡ್ಡ ಮಲಗಿಸಿಡಿ. ಒಂದೇ ಇದ್ದರೆ 2030ರ ತನಕ ಕಾಯಿರಿ. ಎರಡಿದ್ದರೆ ಒಂದನ್ನು ಈಗ ತೆರೆಯಬಹುದು. ಆದರೆ ಒಂದು ಲೋಟವನ್ನು ಮರುದಿನಕ್ಕೆ ಮಿಗಿಸಿ.