ಪ್ರಾಗ್ ಅಥವಾ ಬುಡಾಪೆಸ್ಟ್: ಎರಡು ದಿನಕ್ಕೆ ಯಾವುದು?

ನಡೆದಾಡಿ ಊರು ನೋಡುವ ಆಸೆ ಜಾಸ್ತಿ ಇದ್ದರೆ ಚೆಕ್ ದೇಶದ ಪ್ರಾಗ್‌ಗೆ ಹೋಗಿ. ಹಳೇ ಪೇಟೆ, ಚಾರ್ಲ್ಸ್ ಸೇತುವೆ, ಗುಡ್ಡದ ಮೇಲಿನ ಕೋಟೆ ಎಲ್ಲವೂ ಕಾಲ್ನಡಿಗೆಯ ದೂರ. 1357ರಲ್ಲಿ ಕಟ್ಟಲು ಶುರುಮಾಡಿದ ಆ ಸೇತುವೆಗೆ ಬೆಳಿಗ್ಗೆ ಬೇಗ ಹೋಗಿ, ಆಮೇಲೆ ಬರೀ ಜನಜಂಗುಳಿ. 1410ರ ಖಗೋಳ ಗಡಿಯಾರದಲ್ಲಿ ಗಂಟೆಗೊಮ್ಮೆ ಅಸ್ಥಿಪಂಜರದ ಗೊಂಬೆಯೊಂದು ಗಂಟೆ ಬಾರಿಸುತ್ತದೆ. ಮೇಲಿನ ಕಿಟಕಿಗಳಲ್ಲಿ ಏಸುವಿನ ಶಿಷ್ಯರ ಗೊಂಬೆಗಳು ಒಂದೊಂದಾಗಿ ಹಾದು ಹೋಗುತ್ತವೆ. ಹಂಗೇರಿಯ ಬುಡಾಪೆಸ್ಟ್ ಇಷ್ಟು ಒತ್ತೊತ್ತಾಗಿಲ್ಲ, ಟ್ರಾಮ್ ಬೇಕೇ ಬೇಕು.

ರಾತ್ರಿಯ ವಿಷಯಕ್ಕೆ ಬಂದರೆ ನನ್ನ ಓಟು ಬುಡಾಪೆಸ್ಟ್‌ಗೇ. ಪ್ರಾಗ್‌ನಲ್ಲಿ ಬಿಯರ್ ಸೊಗಸು, ಆದರೆ ಗುಂಪು ಕಟ್ಟಿಕೊಂಡು ಪಬ್ ಸುತ್ತಿಸುವ ರಾತ್ರಿ ಟೂರ್‌ಗಳನ್ನು 2024ರಲ್ಲಿ ನಗರಾಡಳಿತ ನಿಷೇಧಿಸಿತು. ಅಲ್ಲಿಯವರಿಗೂ ನಿದ್ದೆ ಬೇಕಲ್ವಾ! ಬುಡಾಪೆಸ್ಟ್‌ನ ಹಳೇ ಯಹೂದಿ ಪೇಟೆಯಲ್ಲಿ ಪಾಳುಬಿದ್ದ ಕಟ್ಟಡಗಳೇ ಬಾರ್‌ಗಳಾಗಿವೆ. ಅವುಗಳಲ್ಲಿ ಹೆಸರುವಾಸಿ ಸಿಂಪ್ಲಾ ಕೆರ್ಟ್. ಒಂದಕ್ಕೊಂದು ಹೊಂದದ ಕುರ್ಚಿಗಳು, ಗೋಡೆ ತುಂಬ ಗೀಚಿದ ಬರಹ, ಅಂಗಳದಲ್ಲಿ ಪೂರ್ವ ಜರ್ಮನಿ ಕಾಲದ ಹಳೇ ಟ್ರಬಾಂಟ್ ಕಾರು. ಕುಡಿಯದವರು ಸುಮ್ನೆ 2ನೇ ನಂಬರಿನ ಟ್ರಾಮ್ ಹತ್ತಿ. ಡ್ಯಾನ್ಯೂಬ್ ನದಿಯ ದಂಡೆಯುದ್ದಕ್ಕೂ ದೀಪಗಳ ಸಾಲು ಕಾಣುತ್ತದೆ. ಮರುದಿನ ಕಾಲುನೋವಿಗೆ 1913ರ ಸೆಚೆನಿ ಬಿಸಿನೀರ ಸ್ನಾನಗೃಹ ಇದೆ, ಪ್ರಾಗ್‌ನಲ್ಲಿ ಆ ಸುಖ ಇಲ್ಲ.

ಎರಡಕ್ಕೂ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಸಾಕು. ಆದರೆ ಎರಡೂ ಕಡೆಯ ಹಣ ಯೂರೋ ಅಲ್ಲ: ಪ್ರಾಗ್‌ನಲ್ಲಿ ಕೊರುನಾ, ಬುಡಾಪೆಸ್ಟ್‌ನಲ್ಲಿ ಫೋರಿಂಟ್.