ಎಟಿಆರ್ 72-600: ಸರಳ ವಿಮಾನ, ಬಿಡುವಿಲ್ಲದ ಆರೈಕೆ

ಹತ್ತಿರದ ಊರುಗಳನ್ನು ಜೋಡಿಸುವ ಮಾರ್ಗಗಳಲ್ಲಿ ಎಟಿಆರ್ 72-600ಕ್ಕೆ ಸಾಟಿಯಾದ ವಿಮಾನ ಸಿಗುವುದು ಕಷ್ಟ. ಆದರೆ ವಿಮಾನ ಚಿಕ್ಕದು, ನಿರ್ವಹಣೆಯೂ ಚಿಕ್ಕದೇ ಎಂದುಕೊಂಡು ಕೊಳ್ಳುವ ಸಂಸ್ಥೆಗೆ ಇದು ಬೇಗನೆ ದುಬಾರಿಯಾಗುತ್ತದೆ. 1988ರಲ್ಲಿ ಮೊದಲು ಹಾರಿದ ಎಟಿಆರ್ 72ರ ಈ ರೂಪ 2011ರಲ್ಲಿ ಸೇವೆಗೆ ಬಂದಿತು. ಎಪ್ಪತ್ತರ ಆಸುಪಾಸಿನ ಪ್ರಯಾಣಿಕರನ್ನು ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ಒಯ್ಯುತ್ತದೆ. ಜೆಟ್ ಇದಕ್ಕಿಂತ ವೇಗವಾಗಿ ಹೋಗುತ್ತದೆ ನಿಜ, ಆದರೆ ಕಡಿಮೆ ದೂರದಲ್ಲಿ ಉಳಿಯುವುದು ಕೆಲವೇ ನಿಮಿಷ. ಟರ್ಬೈನ್ ಎಂಜಿನ್ನಿನಿಂದ ಪ್ರೊಪೆಲ್ಲರ್ ತಿರುಗಿಸಿ ಹಾರುವ ಇಂಥ ಟರ್ಬೊಪ್ರಾಪ್ ವಿಮಾನ ಉಳಿಸುವ ಇಂಧನ ಮಾತ್ರ ಪ್ರತಿ ಹಾರಾಟದ ಲೆಕ್ಕದಲ್ಲೂ ಕಾಣುತ್ತದೆ.

ಈ ವಿನ್ಯಾಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ‘ಹೋಟೆಲ್ ಮೋಡ್’. ನೆಲದ ಮೇಲಿನ ಅಗತ್ಯಗಳಿಗೆಂದು ಬಾಲದಲ್ಲಿ ಪ್ರತ್ಯೇಕ ಸಹಾಯಕ ಎಂಜಿನ್ ಇಟ್ಟಿಲ್ಲ. ಬದಲಿಗೆ ಬಲಗಡೆಯ ಪ್ರೊಪೆಲ್ಲರಿಗೆ ಬ್ರೇಕ್ ಹಾಕಿ ಎಂಜಿನ್ನನ್ನು ಮಾತ್ರ ಓಡಿಸುತ್ತಾರೆ. ಪ್ರೊಪೆಲ್ಲರನ್ನು ತಿರುಗಿಸುವ ಟರ್ಬೈನಿಗೂ ಎಂಜಿನ್ನಿನೊಳಗೆ ಗಾಳಿಯನ್ನು ಒತ್ತುವ ಕಂಪ್ರೆಸರುಗಳಿಗೂ ನೇರ ಯಾಂತ್ರಿಕ ಜೋಡಣೆ ಇಲ್ಲದಿರುವುದರಿಂದ, ಆರು ಬ್ಲೇಡುಗಳು ಅಲುಗಾಡದೆ ನಿಂತಿದ್ದರೂ ಒಳಗೆ ವಿದ್ಯುತ್ತು, ತಂಪುಗಾಳಿ ಎರಡೂ ಸಿಗುತ್ತವೆ. ತೂಕ ಉಳಿಯಿತು, ನೋಡಿಕೊಳ್ಳಬೇಕಾದ ಯಂತ್ರವೂ ಒಂದು ಕಡಿಮೆಯಾಯಿತು. ಆದರೆ ಹೀಗೆ ಉರಿಯುವ ಪ್ರತಿ ನಿಮಿಷವೂ ಮುಖ್ಯ ಎಂಜಿನ್ನಿನ ಆಯುಷ್ಯವನ್ನೇ ಸವೆಸುತ್ತದೆ. ಹಿಂದಿನಿಂದ ಗಾಳಿ ಜೋರಾಗಿದ್ದರೆ ಬಳಕೆಗೆ ನಿರ್ಬಂಧವೂ ಇದೆ. ನೆಲದ ವಿದ್ಯುತ್ ಸಂಪರ್ಕ ದೊರೆಯುವಲ್ಲಿ ಅದನ್ನೇ ಬಳಸುವುದು ಒಳ್ಳೆಯದು.

ಪ್ರಯಾಣಿಕರ ಬಾಗಿಲು ಹಿಂಭಾಗದಲ್ಲಿರುವುದರಿಂದ, ಹತ್ತಿಸುವಾಗ ಬಾಲ ಕುಸಿಯದಂತೆ ಊರೆಗೋಲು ಕೊಡಬೇಕಾಗುತ್ತದೆ. ರೂಢಿಯಾದ ಸಿಬ್ಬಂದಿಗೆ ಇದೇನೂ ಕಷ್ಟವಲ್ಲ.

ತಂತ್ರಜ್ಞರ ಕಣ್ಣು ಬಿಡದೆ ಇರಬೇಕಾದದ್ದು ಪ್ರೊಪೆಲ್ಲರ್ ಮತ್ತು ಮಂಜುಗಡ್ಡೆ ತೆಗೆಯುವ ಡಿ-ಐಸಿಂಗ್ ಬೂಟುಗಳ ಮೇಲೆ. ರನ್‌ವೇಯ ಕಲ್ಲಿನ ಚೂರು ಬಡಿದು ಬ್ಲೇಡಿನ ಅಂಚಿನಲ್ಲಿ ಕಚ್ಚು ಬಿದ್ದರೆ ಕಣ್ಣಿಗೆ ಕಾಣುತ್ತದೆ. ಬ್ಲೇಡಿನ ಕಾಂಪೊಸಿಟ್ (ನಾರು ಮತ್ತು ರಾಳ ಬೆಸೆದ) ಪದರಗಳು ಒಳಗೇ ಬಿಟ್ಟುಕೊಂಡಿದ್ದರೆ ಮೇಲಿನಿಂದ ಏನೂ ತಿಳಿಯದು. ಅದಕ್ಕಾಗಿಯೇ ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಸಾಗುತ್ತಾರೆ: ಗಟ್ಟಿ ಸದ್ದು ಒಮ್ಮೆಲೇ ಮಂದವಾದರೆ ಅಲ್ಲಿ ದೋಷವಿರಬಹುದು. ರೆಕ್ಕೆಯ ಮುಂಚೂಣಿಗೆ ಹೊದಿಸಿದ ರಬ್ಬರ್ ಬೂಟುಗಳು ಗಾಳಿ ತುಂಬಿ ಉಬ್ಬಿ ಮಂಜುಗಡ್ಡೆಯನ್ನು ಒಡೆಯುತ್ತವೆ. ಸೂಜಿಮೊನೆಯಷ್ಟು ತೂತನ್ನೂ ಕಡೆಗಣಿಸುವಂತಿಲ್ಲ. 1994ರಲ್ಲಿ ಅಮೆರಿಕದ ರೋಸ್‌ಲಾನ್ ಬಳಿ ಹಳೆಯ ಮಾದರಿಯ ಎಟಿಆರ್ 72 ಒಂದು ಹಿಮಗಟ್ಟುವಿಕೆಯಿಂದ ಬಿದ್ದು 68 ಮಂದಿ ಸತ್ತರು; ಆಮೇಲೆ ಬೂಟುಗಳ ವ್ಯಾಪ್ತಿಯನ್ನು ರೆಕ್ಕೆಯ ಮೇಲ್ಭಾಗದಲ್ಲಿ ಹಿಂದಕ್ಕೆ ವಿಸ್ತರಿಸಲಾಯಿತು. ಏರಬಲ್ಲ ಗರಿಷ್ಠ ಎತ್ತರ 25,000 ಅಡಿ ಆದ್ದರಿಂದ ಕೆಟ್ಟ ಹವೆಯನ್ನು ಮೇಲಿನಿಂದ ದಾಟುವ ಅವಕಾಶ ಕಡಿಮೆ, ಪೈಲಟ್‌ಗಳ ಹಿಮದ ತರಬೇತಿಯಲ್ಲಿ ರಾಜಿ ಸಲ್ಲದು.

ಹೊಸದಾಗಿ ಕೊಳ್ಳುವವರು ಪಿಡಬ್ಲ್ಯು127ಎಕ್ಸ್‌ಟಿ ಎಂಜಿನ್ನಿರುವ ವಿಮಾನವನ್ನೇ ಆರಿಸಿಕೊಳ್ಳಲಿ: ಈ ಎಂಜಿನ್ ಹಿಂದಿನ ಮಾದರಿಗಿಂತ ರೆಕ್ಕೆಯಿಂದ ಇಳಿಸದೆ 40 ಪ್ರತಿಶತ ಹೆಚ್ಚು ಕಾಲ ದುಡಿಯುತ್ತದೆಂಬುದು ತಯಾರಕರ ಮಾತು.