"ಸಿಂಗಲ್ ಓನರ್" ಅಂದ ಮಾತು ನಂಬಿ ಸ್ಯಾನ್ ಸ್ಟಾರ್ಮ್ ತೆಗೆದುಕೊಂಡೆ, ನೀವು ಮೋಸ ಹೋಗಬೇಡಿ

ಹಳೆ ಕಾರು ಹುಡುಕುವವರು, ಅದರಲ್ಲೂ ಅಪರೂಪದ ಗಾಡಿಯ ಹಿಂದೆ ಬಿದ್ದವರು, ದಯವಿಟ್ಟು ಇದನ್ನು ಓದಿ. ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ. ಬರೆಯಲೂ ನಾಚಿಕೆ ಆಗುತ್ತದೆ. ಆದರೆ ನನಗೆ ಈ ಕಾರು ಮಾರಿದ ಬ್ರೋಕರ್ ಇನ್ನೂ ನಮ್ಮ ಕಡೆಯೇ ತಿರುಗುತ್ತಿದ್ದಾನೆ.

ಸ್ಯಾನ್ ಸ್ಟಾರ್ಮ್ ಗೊತ್ತಲ್ವಾ? ಗೋವಾದಲ್ಲಿ ತಯಾರಾಗುತ್ತಿದ್ದ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಫೈಬರ್ ಬಾಡಿ, ರೆನೋದ 1149 ಸಿಸಿ ಇಂಜಿನ್. ರಸ್ತೆಯಲ್ಲಿ ಕಂಡವರೇ ಕಡಿಮೆ. ಕಾಲೇಜು ದಿನಗಳಲ್ಲಿ ಮಂಗಳೂರಿನಲ್ಲಿ ಒಮ್ಮೆ ನೋಡಿದ್ದೆ, ಆವತ್ತಿನಿಂದ ಆಸೆ.

2024ರಲ್ಲಿ ನಮ್ಮ ಕಾಸರಗೋಡಿನ ಕುಂಬಳೆಗೆ ಒಂದು ಬಂತು. ಕೆಂಪು ಬಣ್ಣ, 2000ದ ಮಾಡೆಲ್, ಗೋವಾ ರಿಜಿಸ್ಟ್ರೇಷನ್. "ಭಟ್ರೇ, ಸಿಂಗಲ್ ಓನರ್. ಮಡಗಾಂವ್‌ನ ಒಬ್ಬರು ಅಜ್ಜನದ್ದು. ಶೆಡ್ಡಿನಿಂದ ಹೊರಗೆ ತೆಗೆದದ್ದೇ ಕಡಿಮೆ" ಅಂದ ಬ್ರೋಕರ್. ಆರ್‌ಸಿಯಲ್ಲಿ ಒಂದೇ ಹೆಸರು. ಪರಿವಾಹನ್ ಆ್ಯಪ್‌ನಲ್ಲೂ ಓನರ್ ನಂಬ್ರ 1. ಗಾಡಿಯನ್ನು ಬೇರೆಯವರ ಹೆಸರಿಗೆ ಮಾಡುವ ಫಾರ್ಮ್ 29, 30 ಎರಡಕ್ಕೂ ಓನರ್ ಸಹಿ ಆಗಿತ್ತು. ಇನ್ನೇನು ಬೇಕು ಅಂದುಕೊಂಡೆ. ಅಡಿಕೆ ಮಾರಿದ ದುಡ್ಡು, ನಾಲ್ಕೂವರೆ ಲಕ್ಷ ಕೊಟ್ಟೆ. ಗೋವಾ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ಹದಿನೈದು ದಿನದಲ್ಲಿ ಬರುತ್ತದೆ ಅಂದ.

ಎರಡು ತಿಂಗಳಾದರೂ ಬರಲಿಲ್ಲ.

ಒಂದು ದಿನ ಗಾಡಿ ತೊಳೆಯುವಾಗ ಸೀಟಿನ ಕೆಳಗಿನ ಮ್ಯಾಟ್ ಎತ್ತಿದೆ. ನಾಲ್ಕು ಮಡಿಕೆ ಮಾಡಿದ ಒಂದು ಬಿಲ್ಲು. ಬೆಳಗಾವಿಯ ಗ್ಯಾರೇಜಿನದ್ದು, 2011ರದ್ದು. ಗಾಡಿ ನಂಬ್ರ ಇದೇ, ಹೆಸರು ಬೇರೆ ಯಾರದ್ದೋ. ಶೆಡ್ಡಿನಿಂದ ಹೊರಗೆ ಬಾರದ ಕಾರು ಬೆಳಗಾವಿಗೆ ಹೇಗೆ ಹೋಯಿತು?

ಕೂಡಲೇ ಒಳಗೆ ಹೋಗಿ ಫಾರ್ಮ್ 29 ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಸಹಿಯ ನೀಲಿ ಶಾಯಿ ಮಾಸಿತ್ತು. ಕಾಗದ ಮಡಿಕೆಯಲ್ಲಿ ಹಳದಿಯಾಗಿತ್ತು. ಆದರೆ ತಾರೀಕು, ನನ್ನ ಹೆಸರು, ವಿಳಾಸ ಮಾತ್ರ ಹೊಸ ಕಪ್ಪು ಪೆನ್ನಿನಲ್ಲಿ! ಇದೇ ಕಾಗದವನ್ನು ದುಡ್ಡು ಕೊಡುವ ದಿನ ನಾನು ಕೈಯಲ್ಲಿ ಹಿಡಿದಿದ್ದೆ. ನೋಡಿದ್ದೆ. ನೋಡಿಯೂ ಸುಮ್ನೆ ಮಡಚಿ ಕಿಸೆಗೆ ಹಾಕಿದ್ದೆ. ಈಗಲೂ ರಾತ್ರಿ ಅದೇ ಕಣ್ಣೆದುರು ಬರುತ್ತದೆ.

ನನ್ನ ಭಾವ ಗೋವಾದಲ್ಲಿದ್ದಾನೆ. ಆರ್‌ಸಿ ವಿಳಾಸಕ್ಕೆ ಹೋಗಿ ಬಂದ. ಆ ಮನೆಯ ಮಗಳು ಹೇಳಿದ್ದು: ಅಪ್ಪ 2008ರಲ್ಲೇ ಖಾಲಿ ಫಾರ್ಮ್‌ಗೆ ಸಹಿ ಹಾಕಿ ಕಾರು ಮಾರಿದ್ದರು, 2017ರಲ್ಲಿ ತೀರಿಕೊಂಡರು. ಹಾಗಾದರೆ 2020ರ ಆರ್‌ಸಿ ರಿನ್ಯೂವಲ್ ಯಾರ ಸಹಿಯಲ್ಲಿ ಆಯಿತು? ನಡುವೆ ಎಷ್ಟು ಕೈ ದಾಟಿದೆ? ಯಾರಿಗೂ ಗೊತ್ತಿಲ್ಲ. ಹೆಸರು ಬದಲಾಯಿಸದೆ ಮಾರುತ್ತಾ ಹೋದರೆ ದಾಖಲೆಯಲ್ಲಿ ಕೊನೆವರೆಗೂ ಸಿಂಗಲ್ ಓನರೇ. ಇದು ನನಗೆ ಹೊಳೆಯಲೇ ಇಲ್ಲ.

ಬ್ರೋಕರ್‌ಗೆ ಫೋನ್ ಮಾಡಿದೆ. "ಹಳೆ ಗಾಡಿಯಲ್ಲಿ ಇದೆಲ್ಲ ಇರುವುದೇ ಭಟ್ರೇ" ಅಂದ. ಸತ್ತವರ ಸಹಿ ಮಾರಾಯಾ ಅಂದೆ. "ಸಹಿ ಅವರದ್ದೇ ಅಲ್ವಾ? ನಾನು ಹಾಕಿದ್ದಲ್ಲವಲ್ಲ" ಅಂದ! ದುಡ್ಡು ವಾಪಸ್ ಕೇಳಿದ್ದಕ್ಕೆ, "ಗಾಡಿ ನಿಮ್ಮ ಅಂಗಳದಲ್ಲೇ ಉಂಟಲ್ಲ, ಇನ್ನೆಂತ ಬೇಕು?" ಅಂದ. ಮರುದಿನದಿಂದ ಫೋನ್ ಎತ್ತುತ್ತಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬ್ಲಾಕ್.

ಓನರ್ ತೀರಿಕೊಂಡರೆ ಮೊದಲು ವಾರಸುದಾರರ ಹೆಸರಿಗೆ ಆಗಬೇಕು, ಅದಕ್ಕೆ ಫಾರ್ಮ್ 31. ಆಮೇಲೆ ಗೋವಾದ ಎನ್‌ಒಸಿ. ಆಮೇಲೆ ಇಲ್ಲಿ ಕೆಎಲ್ 14, ಅಂದರೆ ಕಾಸರಗೋಡಿನ ನಂಬ್ರ. ಆ ಮಗಳು ಒಳ್ಳೆಯವಳು, ಆದರೆ ಹದಿನಾರು ವರ್ಷದ ಹಿಂದೆ ಮಾರಿದ ಕಾರಿಗೆ ಈಗ ಸಹಿ ಹಾಕಲು ಅವರ ಅಣ್ಣಂದಿರು ಒಪ್ಪುತ್ತಿಲ್ಲ. ಅವರನ್ನು ದೂರುವುದು ಹೇಗೆ? ನಾಳೆ ಯಾವ ಕೇಸು ಬರುತ್ತದೋ ಎಂಬ ಹೆದರಿಕೆ ಅವರಿಗೂ ಇರುತ್ತದೆ. ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ಕಾರು ಟಾರ್ಪಾಲಿನ ಅಡಿಯಲ್ಲಿದೆ. ತಲಪಾಡಿ ಗಡಿ ದಾಟಿಸುವುದು ಬಿಡಿ, ಗೇಟು ದಾಟಿಸಲೂ ಧೈರ್ಯ ಇಲ್ಲ.

ಮೊದಲೇ ಸಹಿಯಾದ ಫಾರ್ಮ್ ಕೊಟ್ಟರೆ ಅಲ್ಲಿಂದಲೇ ಎದ್ದು ಬನ್ನಿ. ಹಳೆ ಇನ್ಶೂರೆನ್ಸ್, ಸರ್ವಿಸ್ ಬಿಲ್ಲು ಎಲ್ಲ ಕೇಳಿ, ಯಾವ ವರ್ಷ ಯಾರ ಹೆಸರು ಎಂದು ನೋಡಿ. ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ.

ಮೊನ್ನೆ ಅದೇ ಬ್ರೋಕರ್ ಉಪ್ಪಳದಲ್ಲಿ ಇನ್ನೊಬ್ಬರಿಗೆ ಹಳೆ ಕಾರು ತೋರಿಸಿದ್ದಾನಂತೆ. ನಿಮ್ಮ ಹತ್ತಿರವೂ ಬಂದು ಸಿಂಗಲ್ ಓನರ್ ಅಂದರೆ, ಆ ಓನರ್‌ಗೆ ನಿಮ್ಮ ಎದುರೇ ವೀಡಿಯೊ ಕಾಲ್ ಮಾಡಿಸಿ.